ಬೇಸಿಗೆಯ ಮುಖ, ಗುಡ್ಡವ್ವನ ಕೈ

ಸತ್ತವರೇ ಮಾಲಿಂಗಪ್ಪನ ಗಿರಾಕಿಗಳು. ಹೀಗೆಂದರೆ ಗೋಕಾಕದ ಈಗಿನ ಹುಡುಗರು ಕಣ್ಣರಳಿಸುತ್ತಾರೆ, ಆದರೆ ಸುಳ್ಳೇನಲ್ಲ. ಮದುವೆಗೆ ಫೋಟೋ ಸ್ಟುಡಿಯೋಗಳಿದ್ದವು, ಅಂಗಡಿಯ ಬೋರ್ಡಿಗೆ ಬೇರೆ ಪೇಂಟರುಗಳಿದ್ದರು. ಜೀವಮಾನದಲ್ಲಿ ಒಂದೂ ಫೋಟೋ ತೆಗೆಸಿಕೊಳ್ಳದೆ ಮಣ್ಣಾದ ಹೆಂಗಸರಿಗೆ ಮಾತ್ರ ಮಾಲಿಂಗಪ್ಪನೇ ಗತಿ. ದಿನಕರ್ಮ ಮುಗಿಸಿ, ಬೋಳುತಲೆಗೆ ಟೋಪಿ ಇಟ್ಟುಕೊಂಡು ಮಕ್ಕಳು ಬರುತ್ತಿದ್ದರು. ಅಂಗಡಿಯ ಹಲಗೆಯ ಮೇಲೆ ಕೂತು, ನಮ್ಮವ್ವನ ಚಿತ್ರ ತೆಗೆದುಕೊಡಿ ಎನ್ನುತ್ತಿದ್ದರು.

"ಫೋಟೋ ಏನರ ಐತೇನ್ರಿ?"

"ಫೋಟೋ ಇದ್ದಿದ್ರ ನಿಮ್ಮ ಕಡಿ ಯಾಕ ಬರತಿದ್ದೆವ್ರಿ?"

ಅದೂ ಖರೆಯೇ. "ಆತು, ಮೂಗ ಹೆಂಗಿತ್ತು ಹೇಳ್ರಿ."

"ಮೂಗ... ಮೂಗ ಇದ್ದಂಗ ಇತ್ರಿ."

"ಕಣ್ಣ?"

"ಕಣ್ಣ ಛಲೋ ಇದ್ದೂರಿ. ಒಟ್ಟ ನಮ್ಮವ್ವ ಭಾಳ ಛಲೋ ಇದ್ಲರಿ." ಅಷ್ಟು ಹೇಳಿ ಆ ಗಂಡಸು ಹೆಗಲ ಮೇಲಿನ ಟಾವೆಲ್ ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡುತ್ತಿದ್ದ.

ಎಲಾ ಇವರ! ಹೊತ್ತು ಹೆತ್ತು ಉಣಿಸಿದವಳ ಮೂಗು ಹೇಗಿತ್ತೆಂದು ಹೇಳಲಾಗದ ಮಕ್ಕಳು ಇವೆಂಥ ಮಕ್ಕಳು ಎಂದು ಮಾಲಿಂಗಪ್ಪ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದ. ಮೇಲೆ ಮಾತ್ರ, "ತಿಳೀತು ಬಿಡ್ರಿ, ಮುಂದಿನ ವಾರ ಬರ್ರಿ" ಎಂದು ಕಳಿಸುತ್ತಿದ್ದ. ಅವರು ಹೋದ ಮೇಲೆ ಒಳಗೋಡೆಯ ಮೇಲಿನ ಪರದೆ ಸರಿಸುತ್ತಿದ್ದ. ಪರದೆಯ ಹಿಂದೆ ಆಕೆ ಇದ್ದಳು.

ಆಕೆ ಎಂದರೆ ಒಂದು ಹಳೆಯ ಅಚ್ಚಿನ ಚಿತ್ರ. ತುಂಬಿದ ಕೆನ್ನೆ, ಪಕ್ಕಕ್ಕೆ ಹೊರಳಿದ ಕಣ್ಣು, ಬಿಚ್ಚಿದ ಕೂದಲಲ್ಲಿ ಗೋದಿಯ ತೆನೆ, ತೆನೆಯ ನಡುವೆ ಕೆಂಪು ಹೂವು, ಒಂದು ಭುಜ ಬೆತ್ತಲೆ. ಎದೆಯಿಂದ ಕೆಳಗಿನ ಕಾಗದವನ್ನೆಲ್ಲ ಎಂದೋ ಒರಲೆ ತಿಂದಿತ್ತು. ಮಾಲಿಂಗಪ್ಪನಿಗೆ ಕೆಲಸ ಕಲಿಸಿದ ದುರ್ಗಪ್ಪ ಮಾಸ್ತರ, ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವನು, ಅದನ್ನು ಗೋಕಾಕ ಫಾಲ್ಸಿನ ಕಡೆ ಯಾವನೋ ಸಾಹೇಬನ ಬಂಗಲೆಯ ಸಾಮಾನು ಲಿಲಾವಾದಾಗ ಎತ್ತಿಕೊಂಡು ಬಂದಿದ್ದನಂತೆ. ಇಕಿ ಯಾರ್ರಿ ಎಂದು ಕೇಳಿದರೆ, "ಯಾವದೋ ದೇಶದ ರಾಣಿ ಇರಬೇಕು. ಯಾರರ ಇರವಲ್ಲಳ್ಯಾಕ. ನಮ್ಮ ಸೀಮಿ ಎಲ್ಲಾ ಅವ್ವಗಳೂ ಇಕಿಯೊಳಗ ಅದಾರ" ಎನ್ನುತ್ತಿದ್ದ.

ಅದೇ ಆ ಇಬ್ಬರ ಕೆಲಸದ ಗುಟ್ಟು. ರಾಣಿಯ ಕೂದಲಿನಿಂದ ತೆನೆ, ಹೂವು ತೆಗೆಯುವುದು, ಬೈತಲೆ ತೆಗೆದು ಕೂದಲು ಬಿಗಿಯುವುದು. ಬೆತ್ತಲೆ ಭುಜದ ಮೇಲೆ ಇಳಕಲ್ ಸೀರೆಯ ಸೆರಗು ಎಳೆದು ತಲೆ ತುಂಬ ಹೊದಿಸುವುದು. ಮೈಬಣ್ಣಕ್ಕೆ ಜೋಳದ ಹೊಲದ ಬಿಸಿಲು ಬೆರೆಸುವುದು. ಹಣೆಗೆ ಕುಂಕುಮ, ಮೂಗಿಗೆ ನತ್ತು, ಕೊರಳಿಗೆ ಗುಂಡಿನ ಸರ. ಕಡೆಗೆ ಆ ಮನೆಯವರು ಹೇಳಿದ ಒಂದೇ ಒಂದು ಗುರುತು: ಗದ್ದದ ಮೇಲಿನ ಹಚ್ಚೆಯ ಚುಕ್ಕಿಯೋ ತುಟಿಯ ಬಾಜೂ ಇದ್ದ ಮಚ್ಚೆಯೋ. ಗಿರಾಕಿ ಬಂದು ಚಿತ್ರದ ಮೇಲಿನ ಬಟ್ಟೆ ಸರಿಸಿದ ಕೂಡಲೇ, "ಯವ್ವಾ! ಇಕೀನ! ಖರೇನ ಇಕೀನ!" ಎಂದು ಅಲ್ಲೇ ಕುಸಿಯುತ್ತಿದ್ದ. ಇದು ನಮ್ಮವ್ವ ಅಲ್ಲ ಎಂದು ಹೊಳ್ಳಿ ವಾಪಸು ತಂದವರು ಒಬ್ಬರೂ ಇಲ್ಲ. ಹೀಗೆ ನಾಗನೂರಿನಿಂದ ಹಿಡಿದು ಮೂಡಲಗಿ, ಹುಕ್ಕೇರಿವರೆಗೂ ಊರೂರಿನ ಗೋಡೆಗಳ ಮೇಲೆ ಒಬ್ಬಳೇ ಹೆಂಗಸು ಬೇರೆ ಬೇರೆ ಹೆಸರಿನಲ್ಲಿ ಹೂವಿನ ಹಾರ ಹಾಕಿಸಿಕೊಂಡು ಕೂತಳು.

ಕೈಗಳದ್ದೇ ತಕರಾರು. ರಾಣಿಗೆ ಕೈ ಇರಲಿಲ್ಲ, ಒರಲೆ ತಿಂದಿತ್ತಲ್ಲ. ದುರ್ಗಪ್ಪ ಮಾಸ್ತರ ಕೈಗಳನ್ನು ಸೆರಗಿನೊಳಗೆ ಅಡಗಿಸಿ ಪಾರಾಗುತ್ತಿದ್ದ. ಮಾಲಿಂಗಪ್ಪನ ಕಾಲಕ್ಕೆ ಗಿರಾಕಿಗಳು ಗೊಣಗತೊಡಗಿದರು. "ನಮ್ಮವ್ವ ಕೈ ಮುಚಗೊಂಡ ಕುಂತಾಕಿ ಅಲ್ರಿ, ಸಾಯೂತನಾ ದುಡದಾಳ." ಆಗ ಮಾಲಿಂಗಪ್ಪ ಹಿತ್ತಲಿಗೆ ಹೋಗಿ ಹೆಂಡತಿಯನ್ನು ಕರೆದ. "ಏ, ಇಲ್ಲಿ ಬಾ. ಉಡಿಯಾಗ ಕೈ ಇಟಗೊಂಡು ಸುಮ್ಮ ಕುಂದ್ರು."

ಗುಡ್ಡವ್ವ ಜೋಳದ ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಆವತ್ತು ಕೂತವಳು ಮುಂದೆ ತಲೆಗೂದಲು ಬೆಳ್ಳಗಾಗುವ ತನಕ, ಹೊಸ ಗಿರಾಕಿ ಬಂದಾಗಲೆಲ್ಲ ಕೂರುತ್ತಲೇ ಇದ್ದಳು. ಕೂತಲ್ಲಿ ಸುಮ್ಮನಿರುವ ಜಾತಿಯಲ್ಲ ಅದು. ಬಾಯಿ ನಡೆದೇ ಇರುತ್ತಿತ್ತು.

"ಇದ್ದವರ ಚಿತ್ರ ತಗೀಬಾರದಂತ ನಿಮ್ಮ ಮಾಸ್ತರ ಹೇಳ್ಯಾನ ಅಂತಿದ್ರಲ್ಲ. ನನ್ನ ಕೈ ಅಷ್ಟ ಸತ್ತಾವ ಏನ್ರಿ ಹಂಗಾರ?"

ದುರ್ಗಪ್ಪ ಮಾಸ್ತರ ಹೇಳಿದ್ದು ಹೌದು. ನಾವು ಕುಂಚ ಹಚ್ಚುವುದು ಹೋದವರಿಗೆ, ಇದ್ದವರ ಮುಖ ಬರೆದರೆ ಅವರ ಆಯುಷ್ಯಕ್ಕೆ ಒಳ್ಳೆಯದಲ್ಲ ಎಂದು ಕುಂಚ ಕೈಗೆ ಕೊಡುವಾಗಲೇ ಆಣೆ ಹಾಕಿಸಿಕೊಂಡಿದ್ದ. "ಕೈಗೇನ ಹೆಸರ ಇರತೈತಿ? ಕೈ ನಡೀತೈತಿ. ಅಳಗ್ಯಾಡಬ್ಯಾಡ" ಎಂದ ಮಾಲಿಂಗಪ್ಪ.

"ಒಮ್ಮಿ ಮ್ಯಾಲ ನೋಡ್ರಿ. ಕೈಮ್ಯಾಲ ನನಗ ಮಾರೀನೂ ಐತಿ."

"ನೋಡೇನಿ ಬಿಡು. ದಿನಾ ನೋಡತೇನಿ" ಎಂದು ಅವನು ತಲೆ ಎತ್ತದೆಯೇ ಹೇಳಿದ. ಗುಡ್ಡವ್ವ ನಕ್ಕಳು. ನಗುವಾಗ ಉಡಿಯಲ್ಲಿದ್ದ ಬೆರಳುಗಳೂ ಅಲುಗಿದವು, ಗೆರೆ ತಪ್ಪಿತು, ಅವನು ಬೈದ.

ನಾಗನೂರಿನ ಆಮ್ರಪಾಲಿ ಬಂದದ್ದು ಗುಡ್ಡವ್ವ ಇದ್ದಾಗಲೇ. ಆಕೆ ಧಾರವಾಡದಲ್ಲಿ ಚಿತ್ರಕಲೆ ಓದಿ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದಳು. ಅವಳ ಅಜ್ಜಿಯ ಚಿತ್ರವೂ ಮಾಲಿಂಗಪ್ಪನದೇ. ಅವನ ಕೆಲಸ ನೋಡಲೆಂದು ಅಂಗಡಿಗೆ ಬಂದವಳು, ಸರಿದಿದ್ದ ಪರದೆಯ ಹಿಂದಿನ ಅಚ್ಚನ್ನು ಕಂಡವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಅಜ್ಜಾ, ಇದು ರಾಣಿ ಅಲ್ರಿ. ಇಂಥಾ ಚಿತ್ರ ನಾ ಕಾಲೇಜಿನಾಗ ನೋಡೇನಿ. ಆಸ್ಟ್ರಿಯಾ ಅಂತ ದೇಶ ಐತಿ, ವಿಯೆನ್ನಾ ಅಂತ ಊರು. ನೂರಾ ಐವತ್ತು ವರ್ಷದ ಹಿಂದ ಅಲ್ಲಿ ದೊಡ್ಡ ಕಲಾಸಾಲಿಯೊಳಗ ಕಲತ ಚಿತ್ರಗಾರರು ಹಿಂಗ ತಗೀತಿದ್ರು. ಹೆಂಗಸಿನ ಚಿತ್ರ ತಗಿಯೂದು, ಕೈಯಾಗ ತಕ್ಕಡಿ ಕೊಟ್ಟು ನ್ಯಾಯ ಅನ್ನೂದು, ವೀಣಿಯಂಥಾದ್ದು ಕೊಟ್ಟು ಸಂಗೀತ ಅನ್ನೂದು. ಇಕಿ ತಲ್ಯಾಗ ಗೋದಿ ತೆನಿ ಅದಾವ ನೋಡ್ರಿ. ಇಕಿ ಬ್ಯಾಸಿಗಿ."

"ಬ್ಯಾಸಿಗಿ?" ಮಾಲಿಂಗಪ್ಪ ಕೇಳಿದ.

"ಹೂಂ ರಿ. ಬ್ಯಾಸಿಗಿ ಕಾಲ. ಮನಶ್ಯಾಳ ಅಲ್ಲ."

ಗುಡ್ಡವ್ವ ಬಿದ್ದು ಬಿದ್ದು ನಕ್ಕಳು. "ಅಯ್ಯ ನಮ್ಮವ್ವ! ಬ್ಯಾಸಿಗಿ ಇಷ್ಟ ಗುಂಡಗಲ್ಲದಾಕಿ ಆಗಿದ್ರ ನಮ್ಮ ಬಾವಿ ಯಾಕ ಬತ್ತತಿತ್ತ? ಊರ ಮಂದಿ ಎಲ್ಲಾ ಬ್ಯಾಸಿಗೀಗೆ ಎಡಿ ಹಿಡಿಯಾಕತ್ತಾರಲ್ರಿ!" ಆಮ್ರಪಾಲಿಯೂ ನಕ್ಕಳು. ನಗುತ್ತ ನಗುತ್ತ ತನ್ನ ಅಜ್ಜಿಯ ಚಿತ್ರದ ಮುಖವೂ ಇದೇ ಎಂಬುದು ಅವಳಿಗೆ ನೆನಪಾಯಿತು. ಮಾಲಿಂಗಪ್ಪನ ಮುಖ ಸಣ್ಣದಾಗಿದ್ದನ್ನು ಕಂಡು, "ಇರ್ಲಿ ಬಿಡ್ರಿ ಅಜ್ಜಾ, ನಾ ಮನ್ಯಾಗ ಹೇಳಂಗಿಲ್ಲ" ಎಂದಳು.

ಗುಡ್ಡವ್ವ ಮಾತ್ರ ಅಚ್ಚಿನ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು. "ಬ್ಯಾಸಿಗಿ ಅಂತ ಹೆಸರಿಟ್ರು, ಆತು. ಆದ್ರ ಯಾರೋ ಒಬ್ಬಾಕಿ ಕುಂತಿರಬೇಕಲ್ಲ, ನಾ ಕುಂತಂಗ? ಆಕಿ ಹೆಸರೇನ?"

"ಅದನ್ಯಾರೂ ಬರದಿಟ್ಟಿಲ್ಲ ಅಜ್ಜಿ."

"ಪಾಪ. ಆಕೀಗೂ ಒಲಿಮ್ಯಾಲ ಏನರ ಇತ್ತೋ ಏನೋ" ಎಂದು ಗುಡ್ಡವ್ವ ಒಳಗೆ ಹೋದಳು. ಒಲೆಯ ಮೇಲೆ ಅವಳ ಬೇಳೆ ಸೀಯುವುದರಲ್ಲಿತ್ತು.

ಹೋದ ಮಾಘದಲ್ಲಿ ಗುಡ್ಡವ್ವ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲೇ ಇಲ್ಲ. ಮಗ ಲಖನ ಮೂಡಲಗಿಯಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿ ಇಟ್ಟುಕೊಂಡವನು. ಬಂದ, ಮಾಡಬೇಕಾದ್ದನ್ನೆಲ್ಲ ಮಾಡಿದ, "ನಮ್ಮ ಕಡಿ ಬಂದುಬಿಡಪ್ಪಾ" ಎಂದು ಕರೆದ. ಮಾಲಿಂಗಪ್ಪ ಹೋಗಲಿಲ್ಲ. ಅಂಗಡಿ ಐತಿ ಎಂದ. ಯಾವ ಅಂಗಡಿ? ಈಗ ಸತ್ತವರ ಮೊಬೈಲಿನಲ್ಲೇ ಅವರ ಫೋಟೋಗಳು ತುಂಬಿರುತ್ತವೆ. ಮೇಲಾಗಿ ಅವನ ಕೈ ನಡುಗಲು ಶುರುವಾಗಿ ಬಹಳ ಕಾಲವಾಗಿತ್ತು. ಆದರೂ ಮುಂಜಾನೆ ಎದ್ದು ಅಂಗಡಿಯ ಬಾಗಿಲು ತೆರೆಯುತ್ತಿದ್ದ, ಸಂಜೆ ಮುಚ್ಚುತ್ತಿದ್ದ. ನಡುವೆ ಮಾತಾಡುವವರಿಲ್ಲ. ಅನ್ನ ಬಸಿಯುವಾಗ, "ಸಾಕೇನ, ಇನ್ನೊಂದೀಟ ಇಡ್ಲೇನ?" ಎಂದು ಒಮ್ಮೆ ಬಾಯಿ ತಪ್ಪಿ ಕೇಳಿಬಿಟ್ಟ. ಕೇಳಿದ್ದು ತನಗೇ ಕೇಳಿಸಿ, ತಟ್ಟೆ ಸರಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಒಂಟಿತನವೆಂದರೆ ಅವನಿಗೆ ಅಷ್ಟೇ ಆಗಿತ್ತು: ಬೈಯಲು ಯಾರೂ ಇರಲಿಲ್ಲ.

ಮಾನವಮಿ ಅಮಾವಾಸ್ಯೆ ಹತ್ತಿರ ಬಂತು. ಆ ದಿನ ಮನೆಯ ಹಿರಿಯರ ಚಿತ್ರಗಳನ್ನೆಲ್ಲ ಸಾಲಾಗಿ ಇಟ್ಟು, ಹೊಸ ಬಟ್ಟೆ ಏರಿಸಿ, ಹೋಳಿಗೆ ಕಡಬಿನ ಎಡೆ ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಸಾಲಿಗೆ ಆ ವರ್ಷ ಹೊಸದಾಗಿ ಸೇರುವವಳು ಗುಡ್ಡವ್ವ. ಅವಳ ಚಿತ್ರ ಬೇಕು. ಊರಿಗೆಲ್ಲ ಅವ್ವಂದಿರನ್ನು ಮಾಡಿಕೊಟ್ಟವನ ಮನೆಯಲ್ಲಿ ಅದೊಂದೇ ಚಿತ್ರವಿರಲಿಲ್ಲ. ಮೊಬೈಲಿನಲ್ಲೂ ಇರಲಿಲ್ಲ. ಯಾರಾದರೂ ಮೊಬೈಲ್ ಎತ್ತಿದರೆ ಗುಡ್ಡವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು, "ನಮ್ಮ ಮನ್ಯಾಗ ಹೋದವರದಷ್ಟ ತಗೀತಾರ. ನಾ ಇನ್ನಾ ಅದೀನಿ" ಎಂದು ಓಡುತ್ತಿದ್ದಳು.

"ಆಧಾರ ಕಾರ್ಡಿಂದ ದೊಡ್ಡದು ಮಾಡತೇನಪ್ಪಾ" ಎಂದ ಲಖನ. ಮಾಡಿ, ಮೊಬೈಲಿಗೆ ಕಳಿಸಿದ. ಮಾಲಿಂಗಪ್ಪ ನೋಡಿದ. ಹೆದರಿದ ಕಣ್ಣು, ಬೂದಿ ಬಣ್ಣದ ಕೆನ್ನೆ, ಕಬ್ಬು ಕದಿಯುವಾಗ ಸಿಕ್ಕಿಬಿದ್ದವರ ಹಾಗೆ ಬಿಗಿದ ತುಟಿ. ಹಿಂದೆ ಲಖನ ಹಿಮದ ಗುಡ್ಡ, ಗುಲಾಬಿ ಹೂವು ಎಲ್ಲ ಕೂಡಿಸಿದ್ದ. "ಇಕಿ ಯಾರೋ?" ಎಂದ ಮಾಲಿಂಗಪ್ಪ. ಫೋನಿನ ಆ ಕಡೆ ಮಗನಿಗೆ ಸಿಟ್ಟು ಬಂತು. "ಅವ್ವ ಅಲ್ಲೇನ ಮತ್ತ? ಸರಕಾರ ತಗದದ್ದು."

"ಸರಕಾರಕ್ಕೇನ ಗೊತ್ತೈತಿ ಆಕಿ ಮಾರಿ? ನಾ ತಗೀತೇನಿ. ಅಮಾಸಿ ಒಳಗ ತಗೀತೇನಿ."

ಕೂತ. ಹಲಗೆ ಇಟ್ಟುಕೊಂಡು ಇದ್ದಿಲು ಹಿಡಿದ. ನಡುಗಿದರೂ ಇದ್ದಿಲಿನ ದಪ್ಪ ಗೆರೆ ಹೇಗೋ ಸಾಗುತ್ತಿತ್ತು. ಹಣೆ ಬರೆದ, ಕಣ್ಣು ಬರೆದ, ಮೂಗು ಬರೆದ. ಹಿಂದೆ ಸರಿದು ನೋಡಿದರೆ ಬೇಸಿಗೆ ಕೂತಿದ್ದಾಳೆ! ಅದೇ ಗುಂಡುಗಲ್ಲ, ಅದೇ ಹೊರಳುಗಣ್ಣು. ಅಳಿಸಿದ. ಮತ್ತೆ ಬರೆದ, ಮತ್ತೆ ಆಕೆಯೇ. ಪರದೆ ಎಳೆದು ಅಚ್ಚನ್ನು ಮುಚ್ಚಿದ. ಮುಚ್ಚಿದರೂ ಅವನ ಬೆರಳಿಗೆ ಬೇರೆ ಮುಖವೇ ಗೊತ್ತಿರಲಿಲ್ಲ. ಆಯುಷ್ಯವೆಲ್ಲ ಆಕೆಯೊಬ್ಬಳನ್ನೇ ಬರೆದ ಬೆರಳುಗಳವು. "ನೀ ಸರಿಯ ಆಕಡಿ! ನನ್ನ ಹೇಣ್ತಿ ಎಲ್ಲಿ?" ಎಂದು ಕಾಗದವನ್ನು ಚಿಂದಿ ಮಾಡಿ ಕೂಗಿದ. ಬಾಜೂ ಅಂಗಡಿಯಲ್ಲಿ ಚೌಕಟ್ಟು ಕೂರಿಸುವ ಬಾಬಾಜಾನ ಸುತ್ತಿಗೆ ಕೆಳಗಿಟ್ಟು ಓಡಿಬಂದ.

ಬಾಬಾಜಾನ ಅವನ ವಾರಿಗೆಯವನು, ಅವನ ಎಲ್ಲ ಅವ್ವಂದಿರಿಗೂ ಗಾಜು ಹಾಕಿದವನು. ನೆಲದ ಮೇಲಿನ ಚೂರುಗಳನ್ನು ನೋಡಿಯೇ ವಿಷಯ ತಿಳಿದುಕೊಂಡ. "ಹಿಂಗ್ಯಾಕ ಒದರತಿ ಮಾಲಿಂಗಾ? ನೀ ಗಿರಾಕಿ ಮಂದೀಗೆ ಕೇಳತಿದ್ದಲ್ಲ, ಹಂಗ ನಾ ಕೇಳತೇನಿ. ಹೇಳು. ಮೂಗ ಹೆಂಗಿತ್ತ?"

ಮಾಲಿಂಗಪ್ಪ ಬಾಯಿ ತೆರೆದ. "ಮೂಗ... ಮೂಗ ಇದ್ದಂಗ ಇತ್ತು."

"ಕಣ್ಣ?"

"ಕಣ್ಣ... ಛಲೋ ಇದ್ದೂ" ಎಂದ ಮಾಲಿಂಗಪ್ಪ. ಎಂದವನಿಗೆ ತಾನು ಏನು ಹೇಳಿದೆ ಎಂಬುದು ಆಗಲೇ ತಿಳಿಯಿತು. ಮಕ್ಕಳನ್ನು ಎಷ್ಟು ಬೈದುಕೊಂಡಿದ್ದ! ಎದುರೆದುರು ಕೂತ ಹೆಂಡತಿಯ ಮೂಗು ಅವನಿಗೂ ಗೊತ್ತಿರಲಿಲ್ಲ. "ಭಾಳ ಛಲೋ ಇದ್ಲೋ ಬಾಬಾಜಾನ, ಆಕಿ ಭಾಳ ಛಲೋ ಇದ್ಲೋ" ಎಂದು ಮಕ್ಕಳ ಹಾಗೆ ಅತ್ತುಬಿಟ್ಟ.

ಬಾಬಾಜಾನ ಬೆನ್ನು ಸವರಿದ. ಚಹಾ ತರಿಸಿದ. ಸ್ವಲ್ಪ ಹೊತ್ತಾದ ಮೇಲೆ, "ಕೈ ಹೆಂಗಿದ್ದೂ?" ಎಂದ, ಏನೋ ಒಂದು ಕೇಳಬೇಕೆಂದು.

"ಎಡಗೈ ಕಿರಬೆರಳ ಒಳಗ ಬಾಗಿತ್ತು, ಬೀಸೂ ಕಲ್ಲಿಗೆ ಸಿಕ್ಕು. ಹೆಬ್ಬೆರಳಿನ ಉಗುರ ಅಗಲ. ಬೆರಳಿನ ಗಿಣ್ಣ ದಪ್ಪ, ಉಂಗುರ ಹಾಕಿದ್ರ ಹೊಳ್ಳಿ ಬರ್ತಿದ್ದಿಲ್ಲ. ಮಣಿಕಟ್ಟಿನ ಮ್ಯಾಲ ಹಂಚ ತಾಗಿ ಸುಟ್ಟ ಕಲಿ, ಹುಣಸಿ ಬೀಜದಷ್ಟ. ಹಸರ ಬಳಿ ಅದರ ಮ್ಯಾಲ ಬಂದು ನಿಂದ್ರತಿತ್ತು, ಆಕಿ ಮ್ಯಾಲ ಸರಸತಿದ್ಲು, ಅದು ಹೊಳ್ಳಿ ಇಳೀತಿತ್ತು..." ಮಾಲಿಂಗಪ್ಪ ನಿಲ್ಲಿಸಲೇ ಇಲ್ಲ.

"ಹಂಗಾರ ಅದನ್ನ ತಗಿಯೋ ಹುಚ್ಚಾ" ಎಂದ ಬಾಬಾಜಾನ.

ತೆಗೆಯಲು ಆಗಲಿಲ್ಲ. ಕೈಗಳೆಂದರೆ ಸಣ್ಣ ಗೆರೆಯ ಕೆಲಸ. ನಡುಗುವ ಬೆರಳಿನಲ್ಲಿ ಗಿಣ್ಣು ಗಿಣ್ಣಾಗಿ ಬರಲಿಲ್ಲ, ಬಳೆ ಬಳೆಯಾಗಲಿಲ್ಲ. ಆಗ ಅವನಿಗೆ ಹೊಳೆಯಿತು: ಹೊಸದಾಗಿ ಯಾಕೆ ಬರೆಯಬೇಕು? ಗುಡ್ಡವ್ವನ ಕೈಗಳು ಈ ಸೀಮೆಯ ಎಷ್ಟೋ ಮನೆಗಳಲ್ಲಿ ಇವೆಯಲ್ಲ! ಯಾವುದಾದರೂ ಒಂದು ಮನೆಯವರ ಕಾಲು ಹಿಡಿದಾದರೂ ಒಂದು ಚಿತ್ರ ಬೇಡಿ ತಂದರೆ, ಅಮಾವಾಸ್ಯೆಯ ಸಾಲಿನಲ್ಲಿ ಅವಳಿಗೆ ಜಾಗ ಸಿಗುತ್ತದೆ. ಮುಖ ಬೇಸಿಗೆಯದಾದರೆ ಆಗಲಿ, ಸೆರಗು ಎಳೆದು ಮುಚ್ಚಿದರಾಯಿತು.

ಮೊದಲು ನಾಗನೂರಿಗೆ, ಆಮ್ರಪಾಲಿಯ ಮನೆಗೆ ಹೋದ. ಆಕೆ ಅಜ್ಜಿಯ ಚಿತ್ರ ಒಳಗಿನಿಂದ ತಂದಳು. ಹಳೆಯ ಮಾಳಿಗೆ ಸೋರಿ, ನೀರು ಗಾಜಿನೊಳಗೆ ಇಳಿದು, ಚಿತ್ರದ ಕೆಳಗಿನ ಅರ್ಧ ಬೂಸ್ಟು ಹಿಡಿದು ಕಪ್ಪಾಗಿತ್ತು. ಬೇಸಿಗೆ ಮಾತ್ರ ಮೇಲೆ ಗುಂಡಗೆ ನಗುತ್ತಿದ್ದಳು. ಮಾಲಿಂಗಪ್ಪ ಯಾಕೆ ಬಂದನೆಂದು ಕೇಳಿ ಆಮ್ರಪಾಲಿಯ ಕಣ್ಣು ತುಂಬಿದವು. "ನಾ ಆವತ್ತ ನಕ್ಕಿದ್ದೆ ಅಜ್ಜಾ" ಎಂದಳು. "ಆಕೀನೂ ನಕ್ಕಿದ್ಲು ಬಿಡವ್ವಾ" ಎಂದ ಅವನು.

ಅಮಾವಾಸ್ಯೆಯ ಹಿಂದಿನ ದಿನ ಮೂಡಲಗಿಗೆ ಹೋದ. ಅಲ್ಲಿಯ ಬೆಲ್ಲದ ವ್ಯಾಪಾರಿಯೊಬ್ಬರ ಮನೆಯಲ್ಲಿ ಚಿತ್ರ ಗಟ್ಟಿಮುಟ್ಟಾಗಿಯೇ ಇತ್ತು, ಆದರೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಬರೀ ಮುಖ. "ಕೆಳಗಿಂದ ಎಲ್ಲಿ ಹೋತ್ರಿ?" ಎಂದರೆ, "ಬಾಬಾಜಾನ ಕತ್ತರಿಸಿ ಕೊಟ್ಟಾನ್ರಿ. ಈ ಚೌಕಟ್ಟ ಭಾಳ ಛಂದ ಐತಿ, ಇದರಾಗ ಕೈ ಹಿಡಿಯೂದಿಲ್ಲ ಅಂದ" ಎಂದರು. ಮಾಲಿಂಗಪ್ಪ ಬಾಬಾಜಾನನ ಏಳು ತಲೆಮಾರನ್ನು ಬೈಯುತ್ತ ಮಗನ ಮನೆಗೆ ಬಂದ. ಅಪ್ಪ ತಾನಾಗಿ ಬಂದನಲ್ಲ ಎಂದು ಲಖನನಿಗೆ ಖುಷಿಯಾಯಿತು.

ಬೆಳಗಾಯಿತು. ಸೊಸೆ ಪೂನಮ್ ಮಡಿಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಲಖನ ಹಿರಿಯರ ಸಾಲಿನ ಕೊನೆಗೆ ಹಿಮದ ಗುಡ್ಡದ ಮುಂದಿನ ಆ ಬೂದಿ ಮುಖವನ್ನು ಇಟ್ಟು, ಸೇವಂತಿಗೆ ಹಾರ ಹಾಕಿದ್ದ. "ಬಾ ಅಪ್ಪಾ, ಕೈ ಮುಗಿ" ಎಂದ. ಮಾಲಿಂಗಪ್ಪ ನಿಂತು ನೋಡಿದ. ಮಗನದೇನೂ ತಪ್ಪಿರಲಿಲ್ಲ. ಆದರೆ ಆ ಹೆದರಿದ ಕಣ್ಣಿನವಳ ಮುಂದೆ ಕೂತು ಉಣ್ಣುವುದು ಅವನಿಂದಾಗಲಿಲ್ಲ. "ಕಣಗಲಾ ಊರಾಗ ಒಂದ ಕೆಲಸ ಐತಿ. ನೀವ ಎಡಿ ಹಿಡೀರಿ" ಎಂದು ಚಪ್ಪಲಿ ಮೆಟ್ಟಿದ. "ಇವತ್ತ? ಹಬ್ಬದ ದಿನ?" ಎಂದು ಮಗ ಹಿಂದೆಯೇ ಬಂದ. ಮಾಲಿಂಗಪ್ಪ ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಕಣಗಲಾದ ಕಾಡವ್ವನ ನೆನಪು ಅವನಿಗೆ ಚೆನ್ನಾಗಿಯೇ ಇತ್ತು. ಆಗಷ್ಟೇ ಮದುವೆಯಾಗಿ ಆ ಊರಿಗೆ ಹೋದ ಹುಡುಗಿ, ಎಷ್ಟೋ ವರ್ಷದ ಹಿಂದೆ ಒಬ್ಬಳೇ ಗೋಕಾಕಕ್ಕೆ ಬಂದು, ತಾನು ತೊಟ್ಟಿಲಲ್ಲಿದ್ದಾಗಲೇ ಸತ್ತ ತಾಯಿ ಲಗಮವ್ವನ ಚಿತ್ರ ಕೇಳಿದ್ದಳು. ಹೇಳಲು ಅವಳ ಹತ್ತಿರ ಒಂದು ಗುರುತೂ ಇರಲಿಲ್ಲ. ಆ ವಾರವೇ ಗುಡ್ಡವ್ವನ ಕೈಗೆ ಹಂಚು ತಾಗಿತ್ತು. "ಕಲಿ ಬಿಟ್ಟ ತಗೀರಿ, ಆಕಿ ಅವ್ವಗ ನನ್ನ ಸುಟ್ಟಗಾಯ ಯಾಕ?" ಎಂದು ಗುಡ್ಡವ್ವ ಹೇಳಿದ್ದಳು. ಕಂಡದ್ದನ್ನು ಬಿಡುವುದು ಹೇಗೆಂದು ಮಾಲಿಂಗಪ್ಪ ಬರೆದೇಬಿಟ್ಟಿದ್ದ. ಬಸ್ಸಿನಲ್ಲಿ ಹುಕ್ಕೇರಿ ದಾಟುವಾಗ ಅವನು ಕೇಳಬೇಕಾದ ಮಾತನ್ನು ಒಳಗೊಳಗೇ ಜೋಡಿಸಿಕೊಂಡ: ಕಾಡವ್ವಾ, ಆ ಚಿತ್ರ ನಿಮ್ಮವ್ವಂದಲ್ಲ. ಮುಖ ವಿಯೆನ್ನಾದ್ದು, ಕೈ ನನ್ನ ಹೆಂಡತಿಯದು. ನನಗ ಕೊಟ್ಟುಬಿಡು. ನನ್ನ ಕಡಿ ಆಕಿದೇನೂ ಉಳಿದಿಲ್ಲ.

ಕಾಡವ್ವನ ಮನೆ ಹಬ್ಬದ ಗದ್ದಲದಲ್ಲಿತ್ತು. ಆಕೆಗೂ ಈಗ ಮೊಮ್ಮಕ್ಕಳು. ಗುರುತು ಸಿಕ್ಕ ಕೂಡಲೇ, "ಅಯ್ಯ, ಚಿತ್ರದ ಕಾಕಾ! ಬರ್ರಿ ಬರ್ರಿ, ಎಂಥಾ ದಿನ ಬಂದ್ರಿ!" ಎಂದು ಕಾಲಿಗೆ ನೀರು ಕೊಟ್ಟಳು. ಒಳಗೆ ಕರೆದೊಯ್ದಳು.

ಲಗಮವ್ವನ ಚಿತ್ರವನ್ನು ಗೋಡೆಗೆ ಒರಗಿಸಿ ಮಣೆಯ ಮೇಲೆ ಇಟ್ಟಿದ್ದರು. ಮುಂದೆ ಹೊಸ ಸೀರೆ, ಬಾಳೆ ಎಲೆ, ಊದುಬತ್ತಿ. ಬೇಸಿಗೆಯ ಮುಖವನ್ನು ಮಾಲಿಂಗಪ್ಪ ನೋಡಲಿಲ್ಲ. ಉಡಿ ನೋಡಿದ. ಅಲ್ಲಿ ಒಂದರ ಮೇಲೊಂದು ಇಟ್ಟ ಆ ಎರಡು ಕೈಗಳಿದ್ದವು. ಬಾಗಿದ ಕಿರುಬೆರಳು, ಅಗಲವಾದ ಉಗುರು, ಹಸಿರು ಬಳೆ, ಬಳೆಯ ಕೆಳಗೆ ಇಣುಕುವ ಹುಣಸೆ ಬೀಜದಂಥ ಕಲೆ. ಈಗಷ್ಟೇ ಹಿಟ್ಟು ಒರೆಸಿಕೊಂಡು ಬಂದು ಕೂತಂತಿತ್ತು. ಅವನು ಮಣೆಯ ಮುಂದೆ ಕುಕ್ಕರಿಸಿಬಿಟ್ಟ.

"ನೋಡ್ರಿ ಕಾಕಾ, ಒಂದೀಟೂ ಕೆಟ್ಟಿಲ್ಲ. ದಿನಾ ಒರಸತೇನಿ" ಎಂದಳು ಕಾಡವ್ವ, ಬಾಜೂ ಕೂತು. "ನಿಮಗೊಂದ ಮಾತ ಹೇಳಬೇಕಂತ ಭಾಳ ದಿನದಿಂದ ಇತ್ರಿ. ಖರೆ ಹೇಳಬೇಕಂದ್ರ ಈ ಮಾರಿ ನನಗ ಅಷ್ಟ ಹತ್ತಿಲ್ರಿ. ಭಾಳ ಛಂದ ಐತಿ, ದೇವರ ಮಾರಿ ಇದ್ದಂಗ. ಅವ್ವ ಅಂತ ನಾ ಮಾತಾಡೂದು ಈ ಕೈ ಕೂಡ. ನೋಡ್ರಿ, ಇಲ್ಲಿ ಸುಟ್ಟೈತಿ. ನನಗ ಯಾರೂ ಹೇಳಿದ್ದಿಲ್ಲ, ನಿಮಗ ನಾ ಹೇಳಿದ್ದಿಲ್ಲ, ನೀವ ಹೆಂಗ ತಿಳಕೊಂಡ್ರೋ! ರೊಟ್ಟಿ ಬಡಿಯೂ ಹೆಣಮಗಳ ಕೈ. ಸಣ್ಣಾಕಿ ಇದ್ದಾಗ ಈ ಕೈಲೆ ನನಗ ಉಣಿಸಿದ್ಲು ಅಂತ ಈಗ ನನಗ ನೆನಪ ಬರ್ತೈತ್ರಿ. ನೆನಪ ಇರಾಕ ಸಾಧ್ಯ ಇಲ್ಲ, ಗೊತ್ತೈತಿ. ಆದ್ರೂ ಬರ್ತೈತಿ. ಮಕ್ಕಳು ಸತ್ತು ಹುಟ್ಟಿದಾಗ, ನಮ್ಮ ಮನಿಯವರು ಕುಡದು ಬಂದಾಗ, ಈ ಗಾಜಿನ ಮ್ಯಾಲ ಹಣಿ ಇಟ್ಟ ಅತ್ತೇನಿ."

ಮಾಲಿಂಗಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ತುದಿನಾಲಿಗೆಗೆ ಬಂತು. ಕಾಡವ್ವನ ಕಡೆ ನೋಡಿದ. ಮಾತು ಅಲ್ಲೇ ನಿಂತಿತು. ಅವನ ಕಣ್ಣಲ್ಲಿ ನೀರು ಬಂತು.

"ಯಾಕ್ರಿ ಕಾಕಾ?"

"ಏನಿಲ್ಲವ್ವಾ. ಊದಬತ್ತಿ ಹೊಗಿ."

"ಮನ್ಯಾಗ ಕಾಕು ಆರಾಮ ಅದಾರಲ್ರಿ? ಆವತ್ತ ನಾ ಬಂದಾಗ ಬೆಲ್ಲಾ ನೀರಾ ಕೊಟ್ಟಿದ್ರು. ಮಾರಿ ನೆನಪಿಲ್ಲ, ಭಾಳ ನಗಸತಿದ್ರು."

"ಅದಾಳ" ಎಂದ ಮಾಲಿಂಗಪ್ಪ. "ಇಲ್ಲೇ ಅದಾಳ."

ಎಡೆ ಹಿಡಿಯುವ ಹೊತ್ತಾಯಿತು. ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಲಗಮವ್ವನ ಹಣೆಗೆ ಕುಂಕುಮ ಇಟ್ಟು ನಮಸ್ಕಾರ ಮಾಡಿದರು. "ನೀವೂ ಹಚ್ಚರಿ ಕಾಕಾ. ನಮ್ಮವ್ವನ್ನ ಮಾಡಿದವರ ನೀವು" ಎಂದು ಕಾಡವ್ವ ಕುಂಕುಮದ ಬಟ್ಟಲು ಮುಂದಿಟ್ಟಳು. ಮಾಲಿಂಗಪ್ಪ ಬೆರಳು ಅದ್ದಿದ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಬಾಗಿದ. ಹಣೆಗೆ ಹೋಗಲಿಲ್ಲ. ಗಾಜಿನ ಮೇಲೆ, ಹಸಿರು ಬಳೆಯ ಕೆಳಗೆ, ಆ ಸುಟ್ಟ ಕಲೆಯ ಮೇಲೆ ಕುಂಕುಮ ಇಟ್ಟ. ಬೆರಳನ್ನು ಅಲ್ಲಿಂದ ತೆಗೆಯುವುದಕ್ಕೆ ಅವನಿಗೆ ತಡವಾಯಿತು.

ಹಿಂದೆ ನಿಂತ ಮಕ್ಕಳು ಕಿಸಕ್ಕನೆ ನಕ್ಕವು. "ಅಜ್ಜಗ ಕಣ್ಣ ಕಾಣಂಗಿಲ್ಲ, ಹಣಿ ಬಿಟ್ಟ ಕೈಗೆ ಹಚ್ಚಿದ!" ಎಂದಿತು ಒಂದು.

"ಹೌದವ್ವಾ, ಕಾಣವಲ್ಲದು" ಎಂದ ಮಾಲಿಂಗಪ್ಪ.

ಕಾಡವ್ವ ಮಕ್ಕಳನ್ನು ಗದರಿದಳು. ಸೆರಗಿನ ತುದಿಯಿಂದ ಗಾಜು ಒರೆಸಲು ಹೋದವಳು ಯಾಕೋ ಒರೆಸಲಿಲ್ಲ. "ಇರ್ಲಿ ಬಿಡ್ರಿ ಕಾಕಾ" ಎಂದಳು. "ಕೈನೂ ನಮ್ಮವ್ವಂದ ಅಲ್ಲೇನ್ರಿ?"

ಮಾಲಿಂಗಪ್ಪ ಹೌದೆಂದು ತಲೆಯಾಡಿಸಿದ. ಆಮೇಲೆ ಕಾಡವ್ವ ಎಲೆ ಹಾಕಿದಳು, ಅವನು ಆ ಕೈಗಳಿಗೆ ಎದುರಾಗಿ ಕೂತು ಉಂಡ.